ಸಾತಪ್ಪನ ಪಾಲಿಗೆ ಬಂದ ಜಡೆ

ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಅಚ್ಚಿಗೆ ಮರಳು ತುಂಬುವ ಬಾಳಪ್ಪನ ತಲೆಯ ಮೇಲೆ ಕೂದಲಿಗಿಂತ ಮರಳೇ ಹೆಚ್ಚು. ಆದರೂ ಹಿಂದಿನ ಕಿಸೆಯಲ್ಲಿ ಹಣಿಗೆ ಇಲ್ಲದೆ ಹೊರಬಿದ್ದವನಲ್ಲ. ಇಂಥ ಷೋಕಿಯವನು ಸೇಡು ತೀರಿಸಿಕೊಳ್ಳಲು ಹೊರಟರೆ ಆಯುಧ ಹುಡುಕುವುದಾದರೂ ಎಲ್ಲಿ? ಖಡೇಬಜಾರಿನ ಬುರಾನುದ್ದೀನನ ಬಳೆ ಅಂಗಡಿಯಲ್ಲಿ.

ಸೇಡು ಸಾತಪ್ಪನ ಮೇಲೆ. ಬಾಳಪ್ಪನ ಊರಾದ ಪಾರಿಶ್ವಾಡದವನೇ, ಹೆಂಡತಿ ಸತ್ತವನು. ೧೯೭೮ರಲ್ಲಿ ಬಾಳಪ್ಪನ ತಂಗಿ ಮಾಯಕ್ಕನನ್ನು ಕೇಳಿಕೊಂಡು ಬಂದಿದ್ದ. ರುಮಾಲು ತೆಗೆದು ಕೂತಾಗ ಅವನ ಬೋಳುತಲೆ ನೋಡಿ ಮಾಯಕ್ಕ ನಕ್ಕುಬಿಟ್ಟಳು. ಆ ನಗು ಅವನೊಳಗೆ ಮುಳ್ಳಾಗಿ ಉಳಿಯಿತು. ಮುಂದೆ ಅವಳು ವಿಷಮಜ್ವರದಿಂದ ಎದ್ದಾಗ ಕೂದಲು ಗಂಟುಗಟ್ಟಿತ್ತು. ಸಾತಪ್ಪ ಬಂದು ಕೈಮುಗಿದ.

"ಇದು ಸಿಕ್ಕಲ್ಲ, ಜಡಿ. ಎಲ್ಲಮ್ಮ ಒಲದಾಳ. ಹಣಿಗಿ ಮುಟ್ಟಿಸಿದ್ರ ಮನಿ ಉಳ್ಯಾಂಗಿಲ್ಲ. ಬರೂ ಹುಣ್ಣಿವಿಗೆ ಗುಡ್ಡಕ್ಕ ಒಯ್ದು ಮುತ್ತು ಕಟ್ಟಿಸಿ ದೇವರಿಗೆ ಬಿಡ್ರಿ."

ಹಾಗೆ ಬಿಟ್ಟ ಹುಡುಗಿಗೆ ಆಮೇಲೆ ಮದುವೆಯೆಂಬುದಿಲ್ಲ. ಊರ ಗಂಡಸರದೇ ಕಾಟ. ಅವ್ವ ರೇಣವ್ವ ಹೆದರಿ ಒಪ್ಪಿದಳು. ಸಿಕ್ಕು ಬಿಡಿಸಿಯೇ ತೀರುವೆನೆಂದು ಬಾಳಪ್ಪ ಹಟ ಹಿಡಿದಾಗ ಒಂದೇ ಒಂದು ಸಡಿಲಿಕೆ ಕೊಟ್ಟಳು: "ಒಮ್ಮಿ ಬಿಡಿಸಿ ನೋಡು. ಹುಡುಗಿ ನೋವಿಗೆ 'ಹಾ' ಅಂದ್ಲು ಅಂದ್ರ ದೇವಿ ಸಿಟ್ಟಾದ್ಲು ಅಂತ ತಿಳದು ಕೈಬಿಡಬೇಕು."

"ಸಿಕ್ಕು ಬಿಡಿಸೂ ಬ್ರಶ್ಶು ಬೇಕಾಗಿತ್ರಿ, ಸಾಹೇಬ್ರ," ಎಂದ ಬಾಳಪ್ಪ, ಬಳೆ ಅಂಗಡಿಯ ಮುಂದೆ ನಿಂತು.

ಬುರಾನುದ್ದೀನ ಅವನ ತಲೆ ನೋಡಿದ. "ನಿಮಗಂತೂ ಇರಲಿಕ್ಕಿಲ್ಲ."

"ತಂಗಿಗ್ರಿ. ನೋವಾಗಬಾರದು."

"ಯಾವುದು ನೋಯತೈತಿ ಅಂತ ನನಗೇನು ಗೊತ್ತು?"

"ನಿಮ್ಮ ಗಡ್ಡ ಐತೆಲ್ರಿ."

ಗಿರಾಕಿಯಿಲ್ಲದ ಮಧ್ಯಾಹ್ನ, ಬುರಾನುದ್ದೀನ ನಕ್ಕು ಗದ್ದ ಮುಂದೊಡ್ಡಿದ. ತಂತಿ ಹಲ್ಲಿನ ಬ್ರಶ್ಶಿಗೆ ಅವನ ಕಣ್ಣಲ್ಲಿ ನೀರು ಬಂತು. ಮೆತ್ತನೆ ಎಳೆಗಳದ್ದು ಗಂಟಿನ ಮೇಲೇ ಜಾರಿತು. ಇನ್ನೊಂದಕ್ಕೆ ರಬ್ಬರಿನ ಮೆತ್ತೆ, ಅದರ ಮೇಲೆ ಬಿಡಿಬಿಡಿ ಹಲ್ಲು. ಗಂಟು ಅಡ್ಡಬಂದಾಗ ಮೆತ್ತೆ ತಗ್ಗಿ ಹಲ್ಲನ್ನು ಹಿಂದಕ್ಕೆ ಬಿಟ್ಟುಕೊಡುತ್ತಿತ್ತು. ಬುರಾನುದ್ದೀನ ಕಣ್ಣು ಮುಚ್ಚಿದ.

"ನಿಲ್ಲಿಸಬ್ಯಾಡ್ರಿ. ಈ ಬಾಜುನೂ ಒಂದೀಟು ಎಳೀರಿ."

ಆ ಬ್ರಶ್ಶನ್ನೇ ಕೊಂಡು ಊರಿಗೆ ಹೋದ ಬಾಳಪ್ಪ, ಮನೆಯಲ್ಲಿ ತಂಗಿಯ ತಲೆಗೆ ಕೊಬ್ಬರಿ ಎಣ್ಣೆ ಸುರಿದು ಕೂದಲ ತುದಿಯಿಂದ ಶುರುಮಾಡಿದ. ರೇಣವ್ವ ಮಗಳ ಬಾಯಿಯನ್ನೇ ನೋಡುತ್ತ ಕೂತಳು. ಮಾಯಕ್ಕ ಸೆರಗು ಕಚ್ಚಿದ್ದಳು.

"ನೋಯತೈತೇನವಾ?" ಬಾಳಪ್ಪ ಪಿಸುಗುಟ್ಟಿದ.

"ಸಾತಪ್ಪನ್ನ ನೆನಸ್ಕೊಂಡ ಕುಂತೇನಿ, ಯಣ್ಣಾ. ನೀ ಎಳಿ."

ಸಂಜೆಗೆ ಅವಳ ಬೆನ್ನ ಮೇಲೆ ಎರಡು ಹೆರಳು ಇಳಿಬಿದ್ದಿದ್ದವು. ಜ್ವರಕ್ಕೆ ಉದುರಿ ಸಿಕ್ಕಿನೊಳಗೇ ಉಳಿದಿದ್ದ ಕೂದಲು ಒಂದು ಮುದ್ದೆಯಾಗಿ ಬ್ರಶ್ಶಿನಲ್ಲಿ ಬಂದಿತ್ತು. ರೇಣವ್ವ ಅದನ್ನು ತಿಪ್ಪೆಗೆ ಎಸೆಯಲು ಹೋದಾಗ ಮಾಯಕ್ಕ ತಡೆದಳು.

ಮಂಗಳವಾರ, ದೇವಿಯ ವಾರ. ಸಾತಪ್ಪನ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ಮಾಯಕ್ಕ ಅಣ್ಣನನ್ನು ಕರೆದುಕೊಂಡು ಹೋಗಿ, ಅರಿಶಿನ ಕುಂಕುಮ ಹಚ್ಚಿದ ಆ ಮುದ್ದೆಯನ್ನು ತಾಟಿನಲ್ಲಿಟ್ಟು ಸಾತಪ್ಪನ ಮುಂದೆ ಹಿಡಿದಳು.

"ಕಾಕಾ, ನೀವು ಜಡಿ ಅಂದ್ರೆಲ್ಲ, ಅದು ನನ್ನ ತಲಿ ಬಿಟ್ಟು ಬಂತ್ರಿ. ನಿಮ್ಮ ತಲಿಮ್ಯಾಲೆ ಜಾಗಾ ಭಾಳ ಖಾಲಿ ಐತಂತ."

ಕಟ್ಟೆಯ ಮೇಲಿನವರು ರುಮಾಲಿನ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸಾತಪ್ಪ ತಾಟು ತಳ್ಳಲು ಕೈಯೆತ್ತಿದ.

"ಒಗದೀರಿ ಮತ್ತ," ಎಂದ ಬಾಳಪ್ಪ. "ಜಡಿಗೆ ಅಪಚಾರ ಆದ್ರ ಮನಿ ಉಳ್ಯಾಂಗಿಲ್ಲ ಅಂತ ನೀವ ಹೇಳೀರಿ."

ಹಿರಿಯರು ನಗು ನಿಲ್ಲಿಸಿ ಸಾತಪ್ಪನನ್ನೇ ನೋಡಿದರು. ಅವನು ಎರಡೂ ಕೈಯಿಂದ ತಾಟು ತೆಗೆದುಕೊಂಡ.

ಈಗ ಅದು ಅವನ ಮನೆಯೊಳಗೆ ದೇವರ ಜಗಲಿಯ ಮೇಲಿದೆ. ಮಂಗಳವಾರ, ಶುಕ್ರವಾರ ದೀಪ ಹಚ್ಚಲೇಬೇಕು. ಬಾಳಪ್ಪ ರಜೆಗೆ ಬಂದಾಗಲೆಲ್ಲ ತಪ್ಪದೆ ಹೋಗುತ್ತಾನೆ. "ಜಡಿ ಆರಾಮ ಐತೇನ್ರಿ, ಕಾಕಾ?" ಒಳಗೆ ಹೋಗುವ ಮುನ್ನ ಕಿಸೆಯ ಹಣಿಗೆ ತೆಗೆದು ಇದ್ದಷ್ಟು ಕೂದಲನ್ನು ತೀಡಿಕೊಳ್ಳುತ್ತಾನೆ. ದೇವರ ಮುಂದೆ ಕೆದರಿದ ತಲೆಯಲ್ಲಿ ನಿಲ್ಲಬಾರದಲ್ಲ.