ಹೆಡ್ ಮಾಸ್ತರರಿಗೆ ಮಾಡಿದ ಮುದ್ದೆ

ಗೆಳತಿಯರೇ, ಇವತ್ತು ಮಧ್ಯಾಹ್ನ ನಾನು ಎಂದೂ ಕಣ್ಣಲ್ಲಿ ಕಾಣದ ಅಡುಗೆಯೊಂದನ್ನು ಮಾಡಿ ಬಡಿಸಿದೆ. ರಾಗಿ ಮುದ್ದೆ!

ಏಕೀಕರಣವಾದ ಮೇಲೆ ಇವರ ಶಾಲೆಗೆ ದಕ್ಷಿಣದ ಕಡೆಯಿಂದ ಹೊಸ ಹೆಡ್ ಮಾಸ್ತರರು ಬಂದಿದ್ದಾರೆ. ಅವರನ್ನು ಊಟಕ್ಕೆ ಕರೆದ ನಮ್ಮ ಯಜಮಾನರದು ಒಂದೇ ಹಟ: "ನಾವೂ ಈಗ ಮೈಸೂರು ರಾಜ್ಯದವರ ಆಗೇವಿ. ಸಾಹೇಬ್ರಿಗೆ ಅವರ ಕಡೆ ಊಟಾನ ಆಗಬೇಕು." ಲಕ್ಷ್ಮೇಶ್ವರದ ಪೇಟೆಯೆಲ್ಲ ತಿರುಗಿ ರಾಗಿ ಹಿಟ್ಟು ತಂದರು.

ಮೊದಲು ಗಂಟಾಯಿತು, ಆಮೇಲೆ ತಳ ಹತ್ತಿತು. ಕಡೆಗೆ ಅಂಗೈ ಸುಟ್ಟುಕೊಂಡು ಹೇಗೋ ಉಂಡೆ ಕಟ್ಟಿದೆ.

ತಾಟಿನ ಮುಂದೆ ಇಬ್ಬರೂ ಸುಮ್ಮನೆ ಕೂತರು.

"ಶುರು ಮಾಡ್ರಿ ಸರ" ಎಂದರು ಇವರು.

"ಮೊದಲು ನೀವು" ಎಂದರು ಸಾಹೇಬರು.

ಸಾರು ಆರತೊಡಗಿತು. ಕಡೆಗೆ ಇವರೇ ಸೋತರು. "ನೀವು ಹೆಂಗ ಉಣ್ತೀರಿ ನೋಡಿ, ನಾನೂ ಹಂಗ ಉಂಡ್ರಾತು ಅಂತ ಕುಂತೇನ್ರಿ."

"ಅಯ್ಯೋ, ನಾನು ನಿಮ್ಮನ್ನು ನೋಡ್ತಾ ಕೂತದ್ದು ಮಾರಾಯ್ರೆ! ನಮ್ಮದು ಮಂಗಳೂರು. ನಿಮ್ಮ ಹಾಗೆ ನಾವೂ ಈಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿದ್ದು. ಮನೆಯಲ್ಲಿ ಮೂರು ಹೊತ್ತೂ ಅನ್ನ. ಇದು ನಿಮ್ಮ ಊರಿನ ಅಡುಗೆ ಅಂದುಕೊಂಡೆ."

ಮರ್ಯಾದೆಗೆ ಅಂಜಿ ಇಬ್ಬರೂ ಮುದ್ದೆಯನ್ನು ಅಗಿದು ಅಗಿದು ಮುಗಿಸಿದರು. "ಬಹಳ ರುಚಿ" ಎಂದರು ಸಾಹೇಬರು, ಹಲ್ಲಿಗಂಟಿದ್ದನ್ನು ನಾಲಿಗೆಯಿಂದ ಬಿಡಿಸಿಕೊಳ್ಳುತ್ತ. ಇವರು ಖುಷಿಯಾಗಿ ಅವರ ತಾಟಿಗೆ ಇನ್ನೊಂದು ಹಾಕಿಸಿದರು.

ಬಾಗಿಲ ಹಿಂದೆ ನಿಂತಿದ್ದ ಅತ್ತೆ ನನ್ನ ಕಿವಿಯಲ್ಲಿ ಕೇಳಿದರು: "ಕೂಡೋಕಿಂತ ಮದಲ, ಏನ್ ಉಣ್ತೀರಂತ ಒಬ್ಬರನ್ನೊಬ್ಬರು ಕೇಳಬಾರದಿತ್ತೇನವಾ?"