ಬುರುಲ್ಚಾ ಬಿಚ್ಚದ ಗಂಟು

ಬಿಷ್ಕೆಕ್ ಊರಾಚೆಯ ಸಂತೆಯಲ್ಲಿ ಬೆಳಗಿನ ಆರು ಗಂಟೆ. ಹಿಮಗಟ್ಟಿದ ಬೀಗದ ಮೇಲೆ ಬುರುಲ್ಚಾ ಫ್ಲಾಸ್ಕಿನ ಚಹಾ ಸುರಿಯುತ್ತಾರೆ. ಉಳಿದದ್ದನ್ನು ಕುಡಿಯುತ್ತಾರೆ. ಅಂಗಡಿಯಾಗಿಸಿಕೊಂಡ ಕಬ್ಬಿಣದ ಕಂಟೇನರಿನ ಬಾಗಿಲು ಕಿರುಗುಟ್ಟಿ ತೆರೆದುಕೊಳ್ಳುತ್ತದೆ. ಒಳಗೆ ಮೊದಲ ಕೆಲಸ ಹೀಟರ್ ಹಾಕಿ ಅಂಗೈ ಕಾಯಿಸಿಕೊಳ್ಳುವುದು. ಇನ್ನೊಬ್ಬರ ಮೈ ಮುಟ್ಟುವ ಕೈ ತಣ್ಣಗಿರಬಾರದು.

ಐವತ್ತೆಂಟರ ಬುರುಲ್ಚಾ ಒಳಉಡುಪು ಹೊಲಿಯುತ್ತಾರೆ. ಅವರಲ್ಲಿಗೆ ಬರುವವರು ಹೆಚ್ಚಾಗಿ ಶಸ್ತ್ರಚಿಕಿತ್ಸೆಯಿಂದ ಸ್ತನ ದೊಡ್ಡದು ಮಾಡಿಸಿಕೊಂಡ ಹೆಂಗಸರು. ಪಟ್ಟಿ ಬಿಚ್ಚಿ ಕನ್ನಡಿಯ ಮುಂದೆ ನಿಂತರೆ ಒಂದು ಮೇಲೆ, ಇನ್ನೊಂದು ಕೆಳಗೆ. ಬಹಳಷ್ಟು ಮಂದಿಗೆ ಕೆಲವು ತಿಂಗಳಲ್ಲಿ ತಾನಾಗಿ ಹೊಂದಿಕೊಳ್ಳುತ್ತದೆ. ಅಲ್ಲಿಯವರೆಗೆ ಅವರು ಅತ್ತಿಗೆ ನಾದಿನಿಯರ ಜೊತೆ ಊರಿನ ಸಾರ್ವಜನಿಕ ಸ್ನಾನದ ಮನೆಗೆ ಹೋಗುವುದಿಲ್ಲ, ಕೋಟು ಬಿಚ್ಚುವುದಿಲ್ಲ. ಆ ತಿಂಗಳುಗಳನ್ನು ದಾಟಿಸುವುದು ಬುರುಲ್ಚಾ ಅವರ ಕಸುಬು. ದಿನಕ್ಕೆ ನಾಲ್ಕೈದು ಮಂದಿ, ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ. ಹೀಗೆ ಹದಿನಾಲ್ಕು ವರ್ಷ.

ಅಳತೆಗೆ ಅವರು ಟೇಪು ಹಿಡಿಯುವುದಿಲ್ಲ. "ಸಂಖ್ಯೆ ಕೇಳಿದ್ರೆ ಅಳ್ತಾರೆ. ದಾರಕ್ಕೆ ಸಂಖ್ಯೆ ಇಲ್ಲ." ಎಡಕ್ಕೆ ಕಪ್ಪು ದಾರ, ಬಲಕ್ಕೆ ಬಿಳಿ. ಎದೆಯ ನಡುವಿನಿಂದ ಕಂಕುಳವರೆಗೆ ಅಳೆದು, ಮುಗಿದಲ್ಲಿ ಒಂದೊಂದು ಗಂಟು. ಎರಡೂ ದಾರ ಜೋಡಿಸಿ ಹಿಡಿದಾಗ ಗಂಟುಗಳ ನಡುವೆ ಎಷ್ಟು ಅಂತರವೋ ಅಷ್ಟು ಹತ್ತಿ, ಚಿಕ್ಕದಾದ ಕಡೆಗೆ. ಹೊಲಿಗೆ ಕಚ್ಚಾ. ಮೈ ಹೊಂದಿಕೊಂಡಂತೆ ಹತ್ತಿ ತೆಗೆಯಬೇಕಲ್ಲ. ಅಂತರ ಗೋಧಿಕಾಳಿನಷ್ಟಾದಾಗ ದಾರ ಕತ್ತರಿಸಲು ಗಿರಾಕಿಯ ಕೈಗೇ ಕತ್ತರಿ ಕೊಡುತ್ತಾರೆ. ಇಲ್ಲಿಯ ಪದ್ಧತಿಯಂತೆ ನಡೆಯಲು ಕಲಿತ ಮಗುವಿನ ಕಾಲಿಗೆ ಕಪ್ಪು ಬಿಳಿ ದಾರ ಕಟ್ಟಿ, ಇನ್ನು ಎಡವದಿರಲೆಂದು ಕತ್ತರಿಸುತ್ತಾರಲ್ಲ, ಹಾಗೆ.

ಪಕ್ಕದ ಕಂಟೇನರಿನಲ್ಲಿ ಕಾಲುಚೀಲ ಮಾರುವ ತಾಜಿಗುಲ್‌ಗೆ ಇದು ನಗೆಪಾಟಲು. "ನಿನ್ನ ಗಿರಾಕಿ ಸರಿಹೋದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ. ಇದೂ ಒಂದು ವ್ಯಾಪಾರನಾ? ನನ್ನ ಕಾಲುಚೀಲ ನೋಡು, ತಿಂಗಳಿಗೊಂದು ತೂತು."

ಕತ್ತರಿಸದ ದಾರಗಳು ಗೋಡೆಯ ಮೊಳೆಗಳಲ್ಲಿ ನೇತಾಡುತ್ತವೆ. ಅವುಗಳಲ್ಲಿ ಒಂದು ಜೊತೆಗೆ ಒಂಬತ್ತು ವರ್ಷದ ಧೂಳು. ಅದು ಒಬ್ಬ ಶಾಲಾ ಶಿಕ್ಷಕಿಯದು. ಮೂರನೆಯ ಸಲ ಅಳೆದಾಗ ಅಂತರ ಕಡಿಮೆಯಾಗುವ ಬದಲು ಹೆಚ್ಚಿತ್ತು. ತನ್ನದೇ ಗಂಟು ಜಾರಿರಬೇಕೆಂದುಕೊಂಡ ಬುರುಲ್ಚಾ ಅದನ್ನು ಬಿಚ್ಚಿ, ಹಳೆಯ ಜಾಗಕ್ಕೇ ಮತ್ತೆ ಕಟ್ಟಿ, ಹತ್ತಿ ತುಂಬಿ ಕಳುಹಿಸಿದರು. ಹತ್ತು ದಿನಕ್ಕೆ ಶಿಕ್ಷಕಿ ಆಸ್ಪತ್ರೆ ಸೇರಿದಳು. ಒಳಗೆ ಕೀವು. ಸ್ತನ ದೊಡ್ಡದು ಮಾಡಲು ಒಳಗಿಟ್ಟಿದ್ದ ಸಿಲಿಕೋನ್ ಚೀಲವನ್ನು ವೈದ್ಯರು ತೆಗೆದುಹಾಕಿದರು. ಜೀವ ಉಳಿಯಿತು. ಅವಳು ಮತ್ತೆ ಬರಲಿಲ್ಲ.

"ದಾರ ನಿಜ ಹೇಳ್ತಿತ್ತು. ನಾನು ಗಂಟನ್ನ ಬೈದೆ," ಎನ್ನುತ್ತಾರೆ ಬುರುಲ್ಚಾ, ಸೂಜಿಗೆ ದಾರ ಪೋಣಿಸುತ್ತ.

ಈ ಬುಧವಾರ ಮೇರಿಮ್ ಬರುತ್ತಾಳೆ. ಮದುವೆಯೂಟಗಳಲ್ಲಿ ಮೈಕು ಹಿಡಿದು ನೆಂಟರನ್ನು ನಗಿಸುವವಳು. ಶಸ್ತ್ರಚಿಕಿತ್ಸೆಯಾಗಿ ಏಳು ವಾರ. ಶನಿವಾರ ಮುನ್ನೂರು ಜನರ ಊಟ. ಒಳಗೆ ಹತ್ತಿ ಹೊಲಿಸಲು ಕೊಟ್ಟ ಅವಳ ಬಿಗಿಯಾದ ಮಖಮಲ್ಲಿನ ಉಡುಪು ಹೋದ ವಾರದಿಂದ ಇಲ್ಲೇ ಗೂಟದಲ್ಲಿದೆ.

ಪರದೆಯ ಹಿಂದೆ ಬುರುಲ್ಚಾ ಅಳೆಯುತ್ತಾರೆ. ಮೊದಲ ಸಲ ಅಂತರ ಒಂದು ಬೆರಳು. ಎರಡನೆಯ ಸಲ ಅರ್ಧ. ಇವತ್ತು ಎರಡು ಬೆರಳು. ಬಲಗಡೆ ಬಿಗಿದಿದೆ. ಹೀಟರಿಗೆ ಹಿಡಿದ ಅಂಗೈಗಿಂತ ಅದು ಬಿಸಿ. ಇನ್ನೊಮ್ಮೆ ಅಳೆಯುತ್ತಾರೆ. ಗಂಟು ಅಲ್ಲೇ ಬೀಳುತ್ತದೆ.

"ಬಟ್ಟೆ ಹಾಕ್ಕೋ, ತಂಗಿ. ಇದು ಹೊಲಿಯೋ ಕೆಲಸ ಅಲ್ಲ. ಈಗಲೇ ಆಸ್ಪತ್ರೆಗೆ ನಡಿ."

ಮೇರಿಮ್ ಮೊದಲು ನಗುತ್ತಾಳೆ. ಸ್ವಲ್ಪ ಜ್ವರವಿದೆ, ನೆಗಡಿ ಇರಬೇಕು ಎನ್ನುತ್ತಾಳೆ. ಎಡಗಡೆಗೆ ಹತ್ತಿ ತುಂಬಿ ಸಮ ಮಾಡಿಕೊಡಿ, ಶನಿವಾರ ಕಳೆದ ಮೇಲೆ ಹೋಗುತ್ತೇನೆ ಎಂದು ಗೋಗರೆಯುತ್ತಾಳೆ. ಆಮೇಲೆ ಸಿಟ್ಟಾಗುತ್ತಾಳೆ.

"ಅಕ್ಕಾ, ನೀವು ದರ್ಜಿನೋ ಡಾಕ್ಟರೋ?"

"ದರ್ಜಿನೇ. ಅದಕ್ಕೇ ಹೊಲಿಯಲ್ಲ ಅಂತಿದೀನಿ."

"ಹಾಗಾದ್ರೆ ನನ್ನ ಉಡುಪು ಕೊಡಿ. ಬೇರೆಯವರು ಹೊಲಿದು ಕೊಡ್ತಾರೆ."

ಬುರುಲ್ಚಾ ಮಖಮಲ್ಲಿನ ಉಡುಪನ್ನು ಗೂಟದಿಂದ ತೆಗೆದು, ಪೆಟ್ಟಿಗೆಗೆ ಹಾಕಿ, ಬೀಗ ಜಡಿಯುತ್ತಾರೆ. ಬೀಗದ ಕೈ ಏಪ್ರನ್ನಿನ ಜೇಬಿಗೆ. "ಆಸ್ಪತ್ರೆ ಚೀಟಿ ತಾ, ಉಡುಪು ತಗೊಂಡು ಹೋಗು." ಮೇರಿಮ್ ಕಿರುಚುತ್ತಾಳೆ. ಅಂಗಡಿಯ ಮುಂದೆ ಜನ ಸೇರುತ್ತಾರೆ. ಕಳ್ಳಿ ಎಂಬ ಮಾತೂ ಬರುತ್ತದೆ. ಬುರುಲ್ಚಾ ಸ್ಟೂಲಿನ ಮೇಲೆ ಕುಳಿತೇ ಇರುತ್ತಾರೆ. ಕೊನೆಗೆ ತಾಜಿಗುಲ್ ತನ್ನ ಅಂಗಡಿಯ ಬಾಗಿಲೆಳೆದು, ಬೈಯುತ್ತಲೇ ಮೇರಿಮ್‌ಳ ತೋಳು ಹಿಡಿದು ಟ್ಯಾಕ್ಸಿ ಹತ್ತಿಸುತ್ತಾಳೆ.

ಶುಕ್ರವಾರ ಆಸ್ಪತ್ರೆಯಿಂದ ಮೇರಿಮ್‌ಳ ಫೋನ್ ಬರುತ್ತದೆ. ಒಳಗೆ ನೀರು ತುಂಬಿ ಸೋಂಕು ಶುರುವಾಗಿತ್ತಂತೆ. ತೆರೆದು ತೊಳೆದಿದ್ದಾರೆ. ಒಳಗಿಟ್ಟದ್ದು ಉಳಿಯುತ್ತದೋ ಇಲ್ಲವೋ ಇನ್ನೂ ಹೇಳಲಾಗದು. ಶನಿವಾರದ ಮೈಕು ಬೇರೆಯವರ ಪಾಲಾಗಿದೆ. ಮೇರಿಮ್ ಥ್ಯಾಂಕ್ಸ್ ಹೇಳುವುದಿಲ್ಲ. ಉಡುಪಿಗೆ ನುಸಿ ಹಿಡಿಯದಂತೆ ನೋಡಿಕೊಳ್ಳಿ ಎಂದಷ್ಟೇ ಹೇಳಿ ಇಡುತ್ತಾಳೆ.

ಬುರುಲ್ಚಾ ಕಣ್ಣುಜ್ಜಿಕೊಳ್ಳುತ್ತಾರೆ. ಎಡಗಣ್ಣಿಗೆ ಪೊರೆ ಬಂದಿದೆ, ಬೆನ್ನು ನೆಟ್ಟಗಾಗುವುದಿಲ್ಲ. ಪರದೆಯಾಚೆ ಇನ್ನಿಬ್ಬರು ಕಾದಿದ್ದಾರೆ. ಅವರ ಬಗ್ಗೆ ಬರೆಯಲು ಬಂದ ನಾನು ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೊಳೆಗಳ ಕಡೆ ನೋಡುತ್ತಾರೆ.

"ಮೇರಿಮ್ ಒಂದಿನ ಬಂದು ಅವಳ ದಾರ ಕತ್ತರಿಸ್ಲಿ. ದೊಡ್ಡದೋ ಚಿಕ್ಕದೋ, ಎರಡೂ ಸಮ ಇದ್ರೆ ಸಾಕು. ಟೀಚರ್ ದಾರ ಹಾಗೇ ಇರುತ್ತೆ, ಬಿಡಿ."

ಹೀಟರಿನ ಮುಂದೆ ಮತ್ತೆ ಅಂಗೈ ಹಿಡಿಯುತ್ತಾರೆ.

"ಈ ಸಲ ಗಂಟು ಬಿಚ್ಚಲಿಲ್ಲ ನಾನು. ಅಷ್ಟು ಬರೀರಿ."