ಬುಟ್ಟಿಯಡಿಯ ಮಣ್ಣುಮುಕ್ಕ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಹೋಗುವ ಮನುಷ್ಯ ನಾನು. ಇರುವ ಚಿಂತೆಗಳೇ ಸಾಕಾಗಿದ್ದವು.

ಬೆಳಗೋಡಿನ ಹತ್ತಿರ ಒಂದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ನಾನು. ಮೂರು ವರ್ಷದ ಹಿಂದೆ ಕಾಫಿ ನರ್ಸರಿಯಲ್ಲಿ ಸಸಿಯ ಚೀಲಕ್ಕೆ ಮಣ್ಣು ತುಂಬುವ ಕೆಲಸ ನಡೆದಿತ್ತು. ಮಧ್ಯಾಹ್ನ ಆಳುಗಳೆಲ್ಲ ಊಟಕ್ಕೆ ಹೋಗಿದ್ದರು. ಉಳಿದವರು ನಾನು ಮತ್ತು ಆಗಲೇ ಹನ್ನೆರಡು ವರ್ಷದಿಂದ ನರ್ಸರಿ ನೋಡಿಕೊಳ್ಳುತ್ತಿದ್ದ ಗೌರಮ್ಮ. ಮಣ್ಣಿಗೆ ಬೆರೆಸುವ ಮರಳಿನ ರಾಶಿಯಲ್ಲಿ ಅವಳ ಸಲಿಕೆಗೆ ಮಣ್ಣುಮುಕ್ಕ ಹಾವು ಸಿಕ್ಕಿತು. ಬಯಲು ಕಡೆಯ ಮರಳಿನ ಲೋಡಿನಲ್ಲೇ ಬಂದಿರಬೇಕು. ಬಾಲವೂ ತಲೆಯಷ್ಟೇ ಮೊಂಡು. ಕಚ್ಚಲು ಬರಲಿಲ್ಲ, ಸುರುಳಿ ಸುತ್ತಿ, ತಲೆಯನ್ನು ಅಡಿಗೆ ಸೇರಿಸಿ, ಬಾಲವನ್ನು ಎತ್ತಿ ತೋರಿಸಿತು. ಇಲಿ ತಿಂದುಕೊಂಡು ಮಣ್ಣಿನೊಳಗೆ ಬದುಕುವ, ವಿಷವಿಲ್ಲದ ಬಡಪಾಯಿ.

"ದೂರ ನಿಂತ್ಕಳಿ ರೈಟ್ರೇ, ನೆಕ್ಕಿದ್ರೆ ತೊನ್ನು ಬತ್ತದೆ."

"ಅದೆಲ್ಲ ಸುಳ್ಳು ಕಣಮ್ಮ" ಎಂದು ಹೇಳಿ ಎರಡು ಹೆಜ್ಜೆ ಹಿಂದೆ ಸರಿದೆ.

ನನ್ನ ಹೆದರಿಕೆ ಬೇರೆ. ಎರಡು ತಲೆಯ ಹಾವು, ನಿಧಿ ತೋರಿಸುತ್ತದೆ ಎಂದು ಇದನ್ನು ಕದ್ದುಮುಚ್ಚಿ ಕೊಳ್ಳುವವರಿದ್ದಾರೆ, ಸಿಕ್ಕಿಬಿದ್ದರೆ ಕೇಸು. ಆಳುಗಳು ಮನೆಗೆ ಹೋದ ಮೇಲೆ ಬೇಲಿಯಾಚೆ ಬಿಡೋಣ, ಯಾರಿಗೂ ಹೇಳುವುದು ಬೇಡ ಎಂದು ಮಾತಾಡಿಕೊಂಡೆವು. ಹಾವಿನ ಮೇಲೆ ಬುಟ್ಟಿ ಕವುಚಿ ಕಲ್ಲು ಹೇರಿದೆ.

ಕೈ ಒರೆಸಿಕೊಳ್ಳುವಷ್ಟರಲ್ಲಿ ನನಗೆ ಫೋನ್ ಬಂತು. ಗೊತ್ತಿಲ್ಲದ ನಂಬರು, ಗೊತ್ತಿಲ್ಲದ ಗಂಡುದನಿ. "ಕಲ್ಲು ತೆಗೀಬೇಡಿ ಸಾರ್, ಬುಟ್ಟಿ ಒಳಗೇ ಇರ್ಲಿ. ಬತ್ತಾ ಇದೀವಿ."

ಕಟ್ಟಾಯಿತು. ನಾನು ಗೌರಮ್ಮನ ಮುಖ ನೋಡಿದೆ.

"ಯಾರಿಗೆ ಹೇಳ್ದೆ?"

"ಯಾವಾಗ ಹೇಳ್ಲಿ? ನಿಮ್ಮ ಮುಂದೇನೆ ನಿಂತಿದೀನಲ್ಲ." ಅವಳ ಎರಡೂ ಕೈ ಮಣ್ಣಾಗಿದ್ದವು. "ಹನ್ನೆರಡು ವರ್ಸಕ್ಕೆ ಇದಾ ನಿಮ್ಮ ಮಾತು?"

ತೊನ್ನಿಗೆ ಹೆದರುತ್ತಿದ್ದ ಅವಳೇ ಕಲ್ಲು ತೆಗೆದು, ಹಾವನ್ನು ಸಲಿಕೆಯಿಂದ ಬುಟ್ಟಿಗೆ ಹಾಕಿಕೊಂಡು ಹೋಗಿ ಬೇಲಿಯಾಚೆ ಬಿಟ್ಟಳು. ಅದು ಯಾವ ಅವಸರವೂ ಇಲ್ಲದೆ ಸಡಿಲ ಮಣ್ಣಿನೊಳಗೆ ಇಳಿಯಿತು.

ಸಂಜೆಯವರೆಗೆ ಗೇಟು ಕಾದೆ. ಯಾರೂ ಬರಲಿಲ್ಲ. ಆ ನಂಬರಿಗೆ ಮೂರು ಸಲ ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ರಸ್ತೆಯಿಂದ ಯಾರಾದರೂ ನೋಡಿರಬಹುದು ಎನ್ನೋಣವೆಂದರೆ, ನರ್ಸರಿಗೆ ಮೂರು ಕಡೆ ನೆರಳಿನ ಬಲೆ ಕಟ್ಟಿತ್ತು. ನಾಲ್ಕನೆಯ ಕಡೆ ನಾನೇ ನಿಂತಿದ್ದೆ.

ಮರುದಿನದಿಂದ ಗೌರಮ್ಮ ಕೆಲಸಕ್ಕೆ ಬಂದವಳೇ ತನ್ನ ಫೋನನ್ನು ನನ್ನ ಮೇಜಿನ ಮೇಲಿಟ್ಟು ನರ್ಸರಿಗೆ ಹೋಗುತ್ತಾಳೆ. ಬೇಡ ಎಂದು ಎಷ್ಟೋ ಸಲ ಹೇಳಿದ್ದೇನೆ. ಆದರೆ ಅದು ಬಡಿದುಕೊಂಡಾಗಲೆಲ್ಲ ಯಾರ ನಂಬರು ಎಂದು ಇವತ್ತಿಗೂ ಬಗ್ಗಿ ನೋಡುತ್ತೇನೆ.